ಸಾಲಿನಲ್ಲಿ ನಾಲ್ಕನೆಯ ಟ್ಯಾಕ್ಸಿ

ಉಪ್ಪಿನಂಗಡಿಯಲ್ಲಿ ರಿಕ್ಷಾ ಬೇಕೆಂದರೆ ಫೋನು ಮಾಡಿ ಗುರುತಿನವರನ್ನೇ ಕರೆಯುವುದು ನಮ್ಮ ರೂಢಿ. ದುಬೈಯಲ್ಲಿ ಅದು ನಡೆಯುವುದಿಲ್ಲ. ಮಾಲಿನ ಎದುರು ಟ್ಯಾಕ್ಸಿಗಳೂ ಸಾಲು, ಜನರೂ ಸಾಲು. ಎದುರಿಗೆ ಬಂದದ್ದನ್ನು ಹತ್ತಬೇಕು. ನನಗೆ ಬೇಕಾದದ್ದು ಮಾತ್ರ ಒಂದೇ ಟ್ಯಾಕ್ಸಿ, ನನ್ನ ಗಂಡ ಸಲಾಂ ಓಡಿಸುವುದು.

ವಿಸಿಟ್ ವೀಸಾದಲ್ಲಿ ಹೋಗಿದ್ದೆ. ಅವರು ಕಂಪೆನಿಯ ರೂಮಿನಲ್ಲಿ ಗಂಡಸರ ಜೊತೆ, ನಾನು ನಾದಿನಿ ರಸೀನಾಳ ಫ್ಲ್ಯಾಟಿನಲ್ಲಿ. ರಜೆಯ ದಿನ ಇವರು ಬಂದರೆ ಮನೆ ತುಂಬ ನೆಂಟರು. ಇವರ ತಟ್ಟೆಗೆ ಪತ್ತಿರ್ ರೊಟ್ಟಿ ಬಡಿಸುವುದಷ್ಟೇ ನನ್ನ ದಾಂಪತ್ಯ. ಉಳಿದ ದಿನ ಊರು ಸುತ್ತಿದ್ದು ಯಾರ್ಯಾರದೋ ಟ್ಯಾಕ್ಸಿಯಲ್ಲಿ. ಹಿಂದಿನ ಸೀಟಿನಲ್ಲಿ ಕೂತು ಚಾಲಕನ ಕತ್ತು ನೋಡುತ್ತಿದ್ದೆ, ಇದು ಇವರದ್ದೇ ಆಗಬಾರದಿತ್ತೇ ಎಂದು. ಹೇಳಬೇಕಾದ ಮಾತೊಂದಿತ್ತು: ದುಡಿದದ್ದು ಸಾಕು, ಊರಿಗೆ ಬಂದುಬಿಡಿ. ಫೋನಿನಲ್ಲಿ ಹೇಳಿದರೆ ತಕ್ಷಣ ಇವರಿಗೆ ರೇಂಜ್ ಹೋಗುತ್ತದೆ. ಎದುರಿಗೇ ಹೇಳಬೇಕು.

ಖಾಲಿ ಗಾಡಿ ನಿಲ್ಲಿಸಿ ಹೆಂಡತಿಗೆ ಕಾಯಲು ಕಂಪೆನಿ ಬಿಡುವುದಿಲ್ಲ. ಹಾಗಾಗಿ ನಾನು ಹೊರಡುವ ಸಂಜೆ ಇವರೇ ಉಪಾಯ ಹೇಳಿದರು.

"ಮಾಲಿನ ಸಾಲಿಗೆ ನಾನು ಬರ್ತೇನೆ. ನೀನೂ ಸಾಲಲ್ಲಿ ನಿಲ್ಲು. ಏರ್‌ಪೋರ್ಟಿಗೆ ಬಾಡಿಗೆಯೇ ಅಲ್ವಾ, ಯಾರು ಎಂತ ಹೇಳುದು?"

ರಸೀನಾ ನನ್ನನ್ನೂ ಪೆಟ್ಟಿಗೆಯನ್ನೂ ಇಳಿಸಿ ಹೋದಳು. ನನ್ನ ಸರದಿ ಬಂದಾಗ ಇವರ ಗಾಡಿ ಇನ್ನೂ ನಾಲ್ಕನೆಯದು. "ನೀವು ಹೋಗಿ" ಎಂದು ಹಿಂದಿದ್ದ ಗಂಡ ಹೆಂಡತಿಗೆ ಕೈಸನ್ನೆ ಮಾಡಿದೆ. ಮತ್ತೊಬ್ಬರಿಗೂ, ಮಗದೊಬ್ಬರಿಗೂ ಹಾಗೆಯೇ. ಎಂಥ ದೊಡ್ಡ ಮನಸ್ಸಿನ ಹೆಂಗಸು ಎಂದುಕೊಂಡಿರಬೇಕು ಜನ. ಇವರು ಗಾಜಿನೊಳಗಿಂದ ನಗುತ್ತಿದ್ದರು.

ಕೊನೆಗೂ ಇವರ ಗಾಡಿ ಎದುರಿಗೆ ನಿಂತಿತು. ಪೆಟ್ಟಿಗೆ ಎತ್ತಲು ಬಗ್ಗಿದೆ. ಅಷ್ಟರಲ್ಲಿ ನನ್ನ ಹಿಂದಿದ್ದ ಅಜ್ಜಿಯೊಬ್ಬಳು, ತನಗೂ ಬಿಟ್ಟುಕೊಟ್ಟೆನೆಂದೇ ತಿಳಿದು, ನನ್ನ ತಲೆ ಸವರಿ, ಯಾವುದೋ ಭಾಷೆಯಲ್ಲಿ ಹರಸಿ, ಒಳಗೆ ಹೋಗಿ ಕೂತೇಬಿಟ್ಟಳು. ಹತ್ತಿದವರನ್ನು ಇಳಿಸುವಂತಿಲ್ಲ. ಕಾವಲಿನವನು ಬೇಗ ಬೇಗ ಎಂದು ಕೈ ಬೀಸಿದ. ಇವರು ನನ್ನನ್ನೇ ನೋಡುತ್ತಾ ಗಾಡಿ ಬಿಟ್ಟರು. ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರಲ್ಲ, ನನ್ನ ಕತೆ ಅದೇ ಆಯಿತು.

ಹಿಂದಿನ ಟ್ಯಾಕ್ಸಿ ಹತ್ತಿದೆ. ಚಾಲಕ ಕಾಸರಗೋಡಿನವನು.

"ಏರ್‌ಪೋರ್ಟ್. ಆದ್ರೆ ಆ ಗಾಡಿಯ ಹಿಂದೆಯೇ ಹೋಗಿ ಮಾರಾಯ್ರೆ. ಅದರಲ್ಲಿ ನನ್ನ ಗಂಡ ಇರುದು."

"ಯಾರೊಟ್ಟಿಗೆ?" ಅವನಿಗೆ ಗಾಬರಿ.

"ಓಡಿಸುದೇ ಅವರು."

ಅವನು ಗಾಡಿಯ ವೇಗ ಹೆಚ್ಚಿಸಿದ. ಅವನಿಗೂ ಊರಲ್ಲಿ ಹೆಂಡತಿ ಇದ್ದಿರಬೇಕು. ಕೆಂಪು ದೀಪದ ಹತ್ತಿರ ತಂದು ಸರಿಯಾಗಿ ಇವರ ಪಕ್ಕಕ್ಕೇ ನಿಲ್ಲಿಸಿದ.

ಎರಡೂ ಗಾಜು ಇಳಿದವು. ಕೈ ಚಾಚಿದರೆ ತಾಗುವಷ್ಟು ಹತ್ತಿರ. ನನಗೆ ಅಳು ಬಂತು.

"ಬೆಲ್ಟ್ ಹಾಕಿದ್ದೀಯಾ?" ಎಂದರು.

"ಹಾಕಿದ್ದೇನೆ. ಸಾಕು ಇನ್ನು. ಊರಿಗೆ ಬಂದುಬಿಡಿ."

ಅವರ ತುಟಿ ಅಲುಗಿತು. ದೀಪ ಹಸಿರಾಯಿತು, ಹಿಂದಿನವರು ಹಾರ್ನ್ ಒತ್ತಿದರು, ಏನೂ ಕೇಳಿಸಲಿಲ್ಲ. ಅವರ ಗಾಡಿ ಬಲಕ್ಕೆ ತಿರುಗಿತು, ನನ್ನದು ನೇರ ಹೋಯಿತು. ಅಜ್ಜಿ ಮಾತ್ರ ಹಿಂತಿರುಗಿ, ಕಾಣುವವರೆಗೂ ನನಗೆ ಕೈ ಬೀಸುತ್ತಿದ್ದಳು.