ಮೂವತ್ತಾರು ಪಟ್ಟಿಯ ಗೋಡೆ

ಟಕ್, ಟಕ್, ಟಕ್, ಅಪ್ಪನ ಹೆಬ್ಬೆರಳಿನ ಉಗುರು ಗೋಡೆಯ ಎಡಮೂಲೆಯಿಂದ ಹೊರಟೇಬಿಟ್ಟಿತು, ಮರದ ಪಟ್ಟಿಗೊಂದು ಗೀರು, ಗೀರಿಗೊಂದು ಟಕ್, ದೊಡ್ಡ ಬಾಚಣಿಗೆಯ ಮೇಲೆ ಬೆರಳಾಡಿಸಿದ ಹಾಗೆ, ಕಣ್ಣು ಮುಚ್ಚಿಕೊಂಡಿದ್ದಾನೆ, ಮರವನ್ನು ಅವನು ನೋಡುವುದಿಲ್ಲ, ಕೇಳುತ್ತಾನೆ, ನಲವತ್ತು ವರ್ಷ ಎಷ್ಟು ಬಡಗಿಗಳನ್ನು ಈ ಉಗುರೇ ಪಾಸು ಫೇಲು ಮಾಡಿಲ್ಲ — ಇವತ್ತು ಮಗಳ ಸರದಿ, ಪಾಲಿಶ್ ಮೆತ್ತಿದ ಕೈಗಳನ್ನು ಬೆನ್ನ ಹಿಂದೆ ಕಟ್ಟಿ ನಿಂತಿದ್ದಾಳೆ, ಈ ಗೋಡೆ ಒಪ್ಪಿಗೆ ಆದ್ರೆ ಇನ್ಮೇಲೆ ಅಳತೆ ಪುಸ್ತಕ ನಿಂದು, ಇಲ್ಲಾಂದ್ರೆ ಮೊದಲಿನ ಥರ ಮರಳುಕಾಗದ ಉಜ್ಕೊಂಡಿರು ಕಣೇ ಇಂಚುಪಟ್ಟಿ, ಅಂದಿದ್ದಾನೆ, ಅವಳಿಗೆ ಅವನಿಟ್ಟ ಅಡ್ಡಹೆಸರು ಅದು, ಅಂದವನು ಆಡಿದ ಮಾತು ನುಂಗುವವನಲ್ಲ. ಐದು, ಆರು, ಏಳು, ಲಯ ತಪ್ಪಿಲ್ಲ, ತಪ್ಪುವುದೂ ಇಲ್ಲ, ಜಂಬ ಅಂದರೆ ಅನ್ನಲಿ. ಗೋಡೆಯಿರುವ ಈ ಮನೆಯ ಒಡತಿ ಹಲ್ಲಿನ ಡಾಕ್ಟರಮ್ಮ, ಆಕೆಯ ದನಿ ಅರ್ಧ ಬಾಯಿಯದು ಅರ್ಧ ಮೂಗಿನದು, ನೋಡೀಮ್ಮಾ, ಸಂದು ಕಂಡ್ರೆ ನಂಗೆ ಕೈ ತುರಿಸುತ್ತೆ, ಎಲ್ಲಾ ಒಂದೇ ಸಮ ಇರ್ಬೇಕು, ಕೊರೆತ ಇರ್ಲಿ ಕೊರತೆ ಬೇಡ — ಅದನ್ನು ಮಗಳು ತಮ್ಮ ಮನೆಯಲ್ಲಿ ಮೂಗು ಹಿಡಿದು ಆಡಿ ತೋರಿಸಿದಾಗ ಅಪ್ಪ ಚಹಾ ನೆತ್ತಿಗೇರಿಸಿಕೊಂಡು ನಕ್ಕ, ನಕ್ಕು ಮುಗಿಸಿ, ಗೋಡೆಗೆ ತೂಗುಗುಂಡು ಬಿಟ್ಟು ನೋಡಿದ್ಯಾ ಅಂದ.

ನೋಡಿದ್ದಳು. ಬಲಮೂಲೆಯ ಗೋಡೆ ಮೇಲೇರುತ್ತಾ ಒಳಕ್ಕೆ ವಾಲಿತ್ತು, ನೆಲದಲ್ಲಿ ಅಗಲ ಹನ್ನೆರಡು ಅಡಿ, ಸೂರಿನ ಹತ್ತಿರ ಹೆಚ್ಚುಕಡಿಮೆ ಒಂದೂವರೆ ಇಂಚು ಖೋತಾ, ಬರೀ ಸುಣ್ಣದ ಗೋಡೆಯಾಗಿದ್ದರೆ ಯಾರಪ್ಪನಿಗೂ ತಿಳಿಯುತ್ತಿರಲಿಲ್ಲ, ಮರದ ಪಟ್ಟಿ ಹೊಡೆದು ಉದ್ದುದ್ದ ಗೀರು ಎಳೆದರೋ ಕಳ್ಳ ಸಿಕ್ಕಿಬಿದ್ದ, ಅಪ್ಪನ ಮದ್ದು ಗೊತ್ತೇ ಇದೆ, ಪಟ್ಟಿ ನೆಟ್ಟಗೆ ಹೊಡ್ಕೊಂಡು ಹೋಗು, ಕೊನೇದನ್ನ ಓರೆಯಾಗಿ ಕೊಯ್ದು ಮೂಲೆಗೆ ತುರುಕು, ಮುಂದೆ ಒಂದು ಬೀರು ನಿಲ್ಲಿಸು, ಊರೆಲ್ಲ ಹಾಗೇ ಮಾಡುತ್ತದೆ — ಆದರೆ ಡಾಕ್ಟರಮ್ಮನಿಗೆ ಬೀರು ಬೇಡ, ಮಗಳಿಗೆ ಆ ಸೊಟ್ಟ ಹಲ್ಲಿನಂಥ ಕೊನೆಪಟ್ಟಿ ಬೇಡ, ಮೂರು ದಿನ ಕಾಗದದ ಮೇಲೆ ಗೋಡೆ ಕಟ್ಟಿ ಅಳಿಸಿ ಕಟ್ಟಿ, ಬಸ್ಸಿನಲ್ಲಿ ಟಿಕೆಟ್ಟಿನ ಹಿಂದೆ ಕೂಡ, ಇಳಿಯುವ ನಿಲ್ದಾಣವೇ ದಾಟಿಹೋಗಿ, ಆಗ ಹೊಳೆದದ್ದು, ಮೂವತ್ತಾರು ಪಟ್ಟಿ, ಮೂವತ್ತಾರು ಮಿಲಿಮೀಟರ್, ಒಬ್ಬನ ತಲೆಗೇ ಯಾಕೆ ಕಟ್ಟಬೇಕು, ಪ್ರತಿ ಪಟ್ಟಿಯ ಮೇಲ್ತುದಿಯ ಅಗಲದಲ್ಲಿ ಒಂದೊಂದೇ ಮಿಲಿ ಕೀಸಿಬಿಟ್ಟರೆ, ಯಾವ ಕಣ್ಣಿಗೆ ಕಂಡೀತು, ಮೂವತ್ತಾರೂ ಒಂದೊಂದಾಗಿ ಕೀಸುಳಿಯ ಕೆಳಗೆ, ಹತ್ತೊಂಬತ್ತನೆಯದನ್ನು ತಲೆಕೆಳಗಾಗಿ ಕೂರಿಸಿ ಅದರಾಚೆ ಇನ್ನೂ ಎಂಟು ಹೊಡೆದು, ಆಮೇಲೆ ಎಲ್ಲ ಬಿಚ್ಚಿದ್ದು ಅಪ್ಪನಿಗೆ ಗೊತ್ತಿಲ್ಲ, ಗೊತ್ತಾಗಬೇಕಾದ್ದೂ ಇಲ್ಲ, ಟಕ್, ಅದೇ ಹತ್ತೊಂಬತ್ತು ಈಗ ದಾಟಿತು, ಉಗುರು ಅನುಮಾನಪಡಲಿಲ್ಲ, ಭಲೇ ನನ್ನ ಪಟ್ಟಿಯೇ, ಇಪ್ಪತ್ತೆಂಟು, ಮೂವತ್ತು, ನಡಿಗೆ ನಿಧಾನವಾಯಿತಲ್ಲ, ಮೂಲೆ ಹತ್ತಿರ ಬಂತು, ಓರೆಪಟ್ಟಿಗಾಗಿ ಉಗುರು ಕಾಯುತ್ತಿದೆ, ಅವನ ಭುಜ ಹೇಳುತ್ತಿದೆ, ಮೂವತ್ತನಾಲ್ಕು, ಮೂವತ್ತೈದು, ಕೊನೆಯ ಪಟ್ಟಿಯ ಮೇಲೆ ಜಾರಿ ಮೂಲೆಗೆ ಮುಟ್ಟಿ ಮತ್ತೆ ಹಿಂದೆ ಬಂತು, ಮತ್ತೆ ಹೋಯಿತು, ಅಪ್ಪ ಕಣ್ಣು ಬಿಟ್ಟ.

ಕೊನೇದೂ ಪೂರ್ತಿ ಇದೆಯಲ್ಲಾ. ಓರೆ ಎಲ್ಲಿ ಹೋಯ್ತೇ, ಅಂದ. ಎಲ್ಲರೂ ಒಂಚೂರು ಒಂಚೂರು ಹಂಚ್ಕೊಂಡ್ರಪ್ಪ, ಅಂದಳು, ಅಳತೆ ಪುಸ್ತಕ ಅವಳದಾಯಿತು, ಅದು ಇಬ್ಬರಿಗೂ ಗೊತ್ತು, ಅವನು ಕೊನೆಯ ಗೀರಿನಲ್ಲಿ ಉಗುರಿಟ್ಟು ಕೆಳಗಿನಿಂದ ಮೇಲಕ್ಕೆ ಎಳೆದ, ಕೈ ಎಟುಕುವವರೆಗೆ, ಹಿಮ್ಮಡಿ ಎತ್ತಿ ಇನ್ನೂ ಒಂದು ಗೇಣು, ಅಲ್ಲಿ ನಿಂತಿತು, ಒರಟು ಉಗುರು, ಗೀರಿನೊಳಗೆ, ತೆಗೆಯಲೇ ಇಲ್ಲ, ಗೀರಿನೊಳಗೆ ಆ ಉಗುರು.