ರುಚಿ ನೋಡಿದ್ದು ಲೆಕ್ಕಕ್ಕಿಲ್ಲ

ನನ್ನ ಗಂಡ ದೂಜ, ಮುಂಬಯಿಯ ಅಂಧೇರಿಯಲ್ಲಿ ಒಂದು ಉಡುಪಿ ಹೋಟೆಲಿನಲ್ಲಿ ಇಪ್ಪತ್ತಾರು ವರ್ಷಗಳಿಂದ ಸಾಂಬಾರ್ ಮಾಡುವವರು. ಕುದಿಯುವ ಹಂಡೆಯನ್ನು ಲೀಲಾಜಾಲವಾಗಿ ಇಳಿಸುವ ಈ ಗಂಡಸಿಗೆ ಸೂಜಿ ಎಂದರೆ ಜೀವಭಯ. ಶುಗರ್ ಇನ್ನೂರ ಹದಿನೈದು ಇದೆ, ಇಳಿಯದಿದ್ದರೆ ಇನ್ಸುಲಿನ್ ಚುಚ್ಚಲೇಬೇಕು ಎಂದು ದಹಿಸರ್‌ನ ನಮ್ಮ ಡಾಕ್ಟರ್ ಹೇಳಿದ ದಿನ, ರಿಕ್ಷಾದಲ್ಲಿ ಮನೆ ಮುಟ್ಟುವವರೆಗೂ ಅವರು ಅಂಗಿಯ ತೋಳನ್ನು ಕೆಳಗೆಳೆದು ಹಿಡಿದುಕೊಂಡೇ ಇದ್ದರು. ನನ್ನ ಹೆದರಿಕೆ ಸೂಜಿಯದ್ದಲ್ಲ. ಅವರ ಅಣ್ಣನ ಕಾಲಿನ ಎರಡು ಬೆರಳು ಇದೇ ಕಾಯಿಲೆಯಲ್ಲಿ ಹೋದದ್ದನ್ನು ಕಂಡವಳು ನಾನು.

ಸುದ್ದಿ ಹಬ್ಬಿದ್ದೇ ತಡ, ಬಿಲ್ಡಿಂಗಿನವರೆಲ್ಲ ಡಾಕ್ಟರಾದರು. ಮಗಳು ವಿಜೇತಾ ಮೊಬೈಲ್ ನೋಡಿ ಅನ್ನ ಪೂರ್ತಿ ಬಂದ್ ಎಂದಳು. ಎದುರುಮನೆಯ ಹಾಲವ್ವ, ವಿಜಯಪುರದ ಕಡೆಯವರು, ಜೋಳದ ರೊಟ್ಟಿ ತಿಂದವರ ಹತ್ತಿರ ಯಾವ ರೋಗವೂ ಸುಳಿಯುವುದಿಲ್ಲ ಎಂದು ದಿನಾ ನಾಲ್ಕು ರೊಟ್ಟಿ ತಂದುಕೊಟ್ಟರು. ಅವರಿಗೇ ಹತ್ತು ವರ್ಷದಿಂದ ಶುಗರ್ ಇದೆಯೆಂದು ಆಮೇಲೆ ಗೊತ್ತಾಯಿತು. ಒಂದು ವಿಡಿಯೋದಲ್ಲಿ ತೆಂಗಿನೆಣ್ಣೆ ಅಮೃತ, ಮುಂದಿನದರಲ್ಲಿ ವಿಷ. ಬೆಳಗ್ಗೆ ಹೊಟ್ಟೆ ತುಂಬ ತಿನ್ನಿ ಎಂದವನೇ ವಾರ ಬಿಟ್ಟು ಮಧ್ಯಾಹ್ನದವರೆಗೆ ಉಪವಾಸವಿರಿ ಎಂದ. ಮುಖ ಅದೇ, ಅಂಗಿ ಮಾತ್ರ ಬೇರೆ. ನಾನು ಯಾರ ಮಾತನ್ನೂ ತೆಗೆದುಹಾಕಲಿಲ್ಲ. ಒಂದು ದಿನ ರಾಗಿ, ಒಂದು ದಿನ ಜೋಳ, ದಿನಾ ಹಾಗಲಕಾಯಿ ರಸ. ಪಾಪ, ಕಣ್ಣುಮುಚ್ಚಿ ಕುಡಿದರು. ಹದಿನೈದು ದಿನ ಬಿಟ್ಟು ನೋಡಿದರೆ ಇನ್ನೂರ ಇಪ್ಪತ್ತು! ನನಗೆ ತಲೆ ಕೆಟ್ಟುಹೋಯಿತು.

ಮರುದಿನ ಅವರು ಬುತ್ತಿ ಮರೆತು ಹೋದರು. ಲೋಕಲ್ ರೈಲು ಹಿಡಿದು ನಾನೇ ಒಯ್ದೆ. ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದರೆ, ಈ ಮಹಾರಾಯರು ಸೌಟಿನಿಂದ ಸಾಂಬಾರನ್ನು ಅಂಗೈಗೆ ಸುರಿದು ನೆಕ್ಕುತ್ತಿದ್ದಾರೆ. ಬೆಲ್ಲ ಹಾಕಿ ಇನ್ನೊಮ್ಮೆ. ಆಮೇಲೆ ಚಟ್ನಿ. ಆಮೇಲೆ ತುಪ್ಪ ಒಸರುವ ಶೀರಾ, ಅದೂ ಎರಡೆರಡು ಸಲ. ನಾನು ನಿಂತ ಒಂದು ಗಂಟೆಯಲ್ಲಿ ಹದಿನೇಳು ಸಲ ಕೈ ಬಾಯಿಗೆ ಹೋಯಿತು.

ಹೊರಗೆ ಕರೆದು ಕೇಳಿದೆ. ಕಳ್ಳತನದಲ್ಲಿ ಸಿಕ್ಕಿಬಿದ್ದವರ ಮುಖವೇ ಅಲ್ಲ ಅದು.

"ಅದು ತಿಂದದ್ದಲ್ಲ ಮಾರಾಯ್ತಿ, ರುಚಿ ನೋಡಿದ್ದು."

ನಿಜವಾಗಿ ಹಾಗೆಯೇ ನಂಬಿದ್ದರು. ಡಾಕ್ಟರ್ ಏನೇನು ತಿನ್ನುತ್ತೀರಿ ಎಂದು ಕೇಳಿದಾಗಲೂ ರಾಗಿ, ರೊಟ್ಟಿ ಎಂದದ್ದರಲ್ಲಿ ಸುಳ್ಳಿರಲಿಲ್ಲ. ಅವರ ಹೋಟೆಲಿನಲ್ಲಿ ಯಾವ ಅಡುಗೆಯವನೂ ರುಚಿ ನೋಡಿದ್ದನ್ನು ಊಟವೆಂದು ಹೇಳುವುದಿಲ್ಲವಂತೆ. ಕೋಪವೂ ಬಂತು, ನಗುವೂ ಬಂತು. ಅಂಗೈಯಿಂದ ಅದು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದೆ. ಅವರು ಅಂಗೈಯನ್ನು ಪಂಚೆಗೆ ಒರೆಸಿಕೊಂಡರು.

"ರುಚಿ ನೋಡದಿದ್ರೆ ನಾನು ಎಂಥ ಅಡುಗೆಯವ, ಚಂಪಾ?"

"ನನಗೆ ಅಡುಗೆಯವ ಬೇಡ. ನೀವು ಬೇಕು," ಎಂದೆ. ಹೇಳಿದ ಮೇಲೆ ನನಗೇ ನಾಚಿಕೆಯಾಯಿತು.

ಅಂದಿನಿಂದ ದೋಸೆ ಹುಯ್ಯುವ ಶೇಖರ ರುಚಿ ನೋಡಿ ಹೇಳತೊಡಗಿದ. ಇವರು ಬರಿಯ ವಾಸನೆಯಲ್ಲಿ ಉಪ್ಪು, ಬೆಲ್ಲ ಹಾಕುತ್ತಾರೆ. ಮೊದಲ ವಾರ ಕೈ ಕಳೆದುಕೊಂಡವರ ಹಾಗೆ ಮನೆಗೆ ಬಂದರು. ತಿಂಗಳ ಮೇಲೆ ಶುಗರ್ ನೂರ ನಲವತ್ತಕ್ಕೆ ಇಳಿಯಿತು. ಸದ್ಯಕ್ಕೆ ಸೂಜಿ ಬೇಡ, ಅನ್ನ ಅಳತೆಯಲ್ಲಿ ಇರಲಿ ಎಂದರು ಡಾಕ್ಟರ್.

ಆ ರಾತ್ರಿ ಒಂದು ಸೌಟು ಕುಚ್ಚಲಕ್ಕಿ ಅನ್ನ, ಕಲಸಿಕೊಳ್ಳಲು ಬಸಳೆ ಸೊಪ್ಪಿನ ಪದಾರ್ಥ ಬಡಿಸಿದೆ. ತಟ್ಟೆ ಖಾಲಿ ಮಾಡಿ ಮುಂದಕ್ಕೆ ನೂಕಿದರು.

"ಇನ್ನೊಂದು ಸೌಟು ಹಾಕು. ಹಸಿವಾಗ್ತದೆ."

ಮದುವೆಯಾದಂದಿನಿಂದ ಈ ಮನೆಯಲ್ಲಿ ಅವರು ಎರಡನೇ ಸಲ ಬಡಿಸಿಕೊಂಡವರಲ್ಲ. ನನ್ನ ಕೈಯ ಅಡುಗೆ ಅವರಿಗೆ ಹಿಡಿಸುವುದಿಲ್ಲ ಎಂದುಕೊಂಡು ಇಷ್ಟು ವರ್ಷ ಒಳಗೊಳಗೇ ನೊಂದಿದ್ದೆ. ರುಚಿ ನೋಡಿ ನೋಡಿಯೇ ಹೊಟ್ಟೆ ತುಂಬಿ, ಅವರು ಹಸಿದು ಮನೆಗೆ ಬಂದದ್ದೇ ಇಲ್ಲ ಎಂದು ಆಗ ಹೊಳೆಯಿತು. ಪಾತ್ರೆ ತರುವ ನೆಪದಲ್ಲಿ ಒಳಗೆ ಹೋಗಿ ಸ್ವಲ್ಪ ಅತ್ತೆ. ಕಣ್ಣೊರೆಸಿಕೊಂಡು ಬಂದು ಅರ್ಧ ಸೌಟು ಅನ್ನ, ಎರಡು ಸೌಟು ಬಸಳೆ ಬಡಿಸಿದೆ.