ಬೇಲಿಯಿಂದ ಅಳೆದ ನೆಲ

ಕಡಲಂಚಿನ ಥಾರ್ನ್ಸ್‌ಬಿ ಊರಿನಲ್ಲಿ ಕಡಲ್ಕೊರೆತದ ಮಾತು ಬಂದಾಗಲೆಲ್ಲ ವಿಲ್ಫ್ರೆಡ್ ಒಂದೇ ಲೆಕ್ಕ ಹೇಳುತ್ತಿದ್ದ: ತನ್ನ ಹಿತ್ತಲ ಬೇಲಿಯಿಂದ ಕಡಲ ಮೇಲಿನ ಕಡಿದಾದ ದಿಬ್ಬದ ಅಂಚಿಗೆ ಹತ್ತು ಹೆಜ್ಜೆ. ಹೋದ ವರ್ಷವೂ ಹತ್ತು, ಅದರ ಹಿಂದಿನ ವರ್ಷವೂ ಹತ್ತು. ಮೂವತ್ತು ವರ್ಷ ಏಡಿ ಹಿಡಿದವನಿಗೆ ಕಡಲಿನ ವಿಷಯದಲ್ಲಿ ಯಾರು ಎದುರಾಡಿಯಾರು?

ಅಕ್ಟೋಬರ್‌ನಲ್ಲಿ ಅವನ ಅಕ್ಕ ಏವಿಸ್ ಬಂದಳು. ವರ್ಷಕ್ಕೊಮ್ಮೆ ನಾರಿಚ್ ಪಟ್ಟಣದಿಂದ ಬಸ್ಸಿನಲ್ಲಿ ಬಂದು ಒಂದು ವಾರ ಇದ್ದು ಹೋಗುವುದು ಅವಳ ರೂಢಿ. ಈ ಸಲ ಕೈತುಂಬ ಕೆಲಸವೂ ಇತ್ತು. ವಿಲ್ಫ್ರೆಡ್‌ನ ಹೆಂಡತಿ ಪಾಲೀನ್‌ಗೆ ಸೊಂಟದ ಮೂಳೆ ಮುರಿದಿತ್ತು. ಊರುಗೋಲು ಹಿಡಿದು ಬಚ್ಚಲಿಗೆ ಹೋಗಿಬರಲು ಕಾಲು ಗಂಟೆ ಹಿಡಿಯುತ್ತಿತ್ತು. ಅವಳ ಮಂಚ ಇದ್ದದ್ದು ಅಡುಗೆಮನೆಯ ಪಕ್ಕದ, ಕಡಲ ಕಡೆಯ ಕೋಣೆಯಲ್ಲಿ.

ಮರುದಿನ ಏವಿಸ್ ದುಪ್ಪಟಿಗಳನ್ನು ಒಗೆದು ಒಣಹಾಕಲು ಹಿತ್ತಲಿಗೆ ಹೋದಳು. ಬಟ್ಟೆಯ ಹಗ್ಗ ಅಡುಗೆಮನೆ ಗೋಡೆಯ ಕೊಕ್ಕೆಯಿಂದ ಬೇಲಿಯ ಕಂಬದವರೆಗೆ. ಹೋದ ವರ್ಷ ಅದೇ ಹಗ್ಗದ ಮೇಲೆ ಆರು ದುಪ್ಪಟಿ ಸಾಲಾಗಿ ಹರವಿದ್ದಳು. ಈಗ ಎರಡು ಹರವುವಷ್ಟರಲ್ಲಿ ಬೇಲಿ ಬಂತು. ಮಿಕ್ಕ ಹಗ್ಗ ಕೊಕ್ಕೆಯಲ್ಲಿ ದಪ್ಪ ಸುರುಳಿಯಾಗಿ ನೇತಾಡುತ್ತಿತ್ತು.

“ವಿಲ್ಫಿ, ಈ ಹಗ್ಗ ಯಾಕೋ ಇಷ್ಟು ಗಿಡ್ಡ ಆಯ್ತು?”

“ಬೇಲಿ ಈಚೆ ತಂದ್ನಲ್ಲ ಅಕ್ಕ. ದಿಬ್ಬ ಜರಿದಾಗೆಲ್ಲ ಅಂಚಿಂದ ಹತ್ತು ಹೆಜ್ಜೆ ಬಿಟ್ಟು ಮತ್ತೆ ನೆಡ್ತೀನಿ. ಮಿಕ್ಕಿದ ಹಗ್ಗ ಸುತ್ತಿಡ್ತೀನಿ.”

ಏವಿಸ್‌ಗೆ ಕೈಯಲ್ಲಿದ್ದ ದುಪ್ಪಟಿ ಮರೆತುಹೋಯಿತು. “ಹತ್ತು ಹೆಜ್ಜೆ ಬಿಟ್ಟು ನೆಡೋನೂ ನೀನೇ, ಆಮೇಲೆ ಅಳೆದು ಹತ್ತೇ ಇದೆ ಅನ್ನೋನೂ ನೀನೇ.”

ಪಟ್ಟಣದವರಿಗೆ ಅಲೆಯ ಸದ್ದು ಕೇಳಿದರೇ ಜ್ವರ ಬರುತ್ತದೆ ಎಂದು ಅವನು ನಕ್ಕ. ಏವಿಸ್ ನಗಲಿಲ್ಲ. ಊರಿನ ಪರವಾಗಿ ತಿಂಗಳಿಗೊಮ್ಮೆ ದಿಬ್ಬದ ಅಳತೆ ಬರೆದಿಡುವ ಬ್ರಿಜೆಟ್‌ಗೆ ಹೇಳಿಕಳಿಸಿದಳು.

“ಬಂದ್ಲಪ್ಪ, ಶವಪೆಟ್ಟಿಗೆ ಅಳತೆ ತಗೊಳ್ಳೋ ಬಡಗಿ,” ಎಂದ ವಿಲ್ಫ್ರೆಡ್. ಬ್ರಿಜೆಟ್‌ಗೆ ಇಂಥ ಮಾತು ಹೊಸದಲ್ಲ. ಟೇಪು ಹೊರಗೇ ತೆಗೆಯದೆ, ಕೊಕ್ಕೆಯಲ್ಲಿದ್ದ ಆ ಹಗ್ಗದ ಸುರುಳಿಯನ್ನು ಮನೆಯ ಮುಂದಿನ ದಾರಿಯ ಮೇಲೆ ಬಿಚ್ಚಿ ಹಾಸೋಣವೇ ಎಂದಳು.

ಬಿಚ್ಚಿದರು. ಬೇಲಿ ಕಿತ್ತು ನೆಟ್ಟಾಗಲೆಲ್ಲ ವಿಲ್ಫ್ರೆಡ್ ಹಗ್ಗಕ್ಕೆ ಒಂದು ಗಂಟು ಹಾಕಿದ್ದ. ದೋಣಿಯ ಕಾಲದ ಅಭ್ಯಾಸ. ಹಗ್ಗದ ತುದಿಯಿಂದ ಮೊದಲ ಗಂಟಿಗೆ ನಾಲ್ಕು ಹೆಜ್ಜೆ. ಅಲ್ಲಿಂದ ಎರಡನೆಯದಕ್ಕೆ ಮೂರು. ಮೂರನೆಯದು ಎಷ್ಟು ಬಿಚ್ಚಿದರೂ ಬರಲಿಲ್ಲ. ಪಕ್ಕದ ಮನೆಯ ಗೇಟು ದಾಟಿದ ಮೇಲೆ ಬಂತು. ಹದಿನೈದು ಹೆಜ್ಜೆ.

“ಇದು ಹೋದ ಮಾರ್ಚ್‌ನ ಒಂದೇ ಬಿರುಗಾಳಿ,” ಎಂದಳು ಬ್ರಿಜೆಟ್. “ಈಗ ಗೋಡೆಯಿಂದ ಬೇಲಿಗೆ ಏಳು, ಅಲ್ಲಿಂದ ಅಂಚಿಗೆ ಹತ್ತು. ಉಳಿದಿರೋದೇ ಹದಿನೇಳು, ವಿಲ್ಫ್.”

ಅವಳು ನಿಧಾನವಾಗಿ ಬಿಡಿಸಿ ಹೇಳಿದಳು. ಈ ದಿಬ್ಬ ಬಂಡೆಯಲ್ಲ, ಮರಳು ಮತ್ತು ಜೇಡಿಮಣ್ಣು. ಕೆಳಗಿನಿಂದ ಅಲೆ ಕೊರೆಯುತ್ತದೆ, ಮೇಲಿನಿಂದ ಮಳೆನೀರು ಇಳಿದು ಸಡಿಲ ಮಾಡುತ್ತದೆ. ನಾಲ್ಕು ವರ್ಷ ಹಿಡಿಹಿಡಿಯಾಗಿ ಜರಿದದ್ದು ಐದನೆಯ ವರ್ಷ ಒಮ್ಮೆಗೇ ಕುಸಿಯಬಹುದು. ಸರ್ಕಾರದವರು ಕೆಳಗೆ ಕಲ್ಲು ಸುರಿದು ತಡೆ ಕಟ್ಟುವುದಿಲ್ಲವೇ ಎಂದು ವಿಲ್ಫ್ರೆಡ್ ಕೇಳಿದ. ಯಾರೂ ಮಾತು ಕೊಟ್ಟಿಲ್ಲ, ಇಲ್ಲದ ಕಲ್ಲನ್ನು ನಂಬಿ ಚಳಿಗಾಲ ಕಳೆಯಬೇಡ ಎಂದಳು ಬ್ರಿಜೆಟ್.

ವಿಲ್ಫ್ರೆಡ್ ಹಗ್ಗದ ಪಕ್ಕದಲ್ಲೇ ಆ ಹದಿನೈದು ಹೆಜ್ಜೆ ನಡೆದ. ತಿರುಗಿ ಬಂದು ಇನ್ನೊಮ್ಮೆ ನಡೆದ. ಅಷ್ಟರಲ್ಲಿ ಪಾಲೀನ್ ಊರುಗೋಲಿನ ಮೇಲೆ ಬಾಗಿಲಿಗೆ ಬಂದು ನಿಂತಿದ್ದಳು.

“ವಿಲ್ಫ್, ಬೇಲಿ ಲೆಕ್ಕ ಸಾಕು. ನನ್ನ ಮಂಚದಿಂದ ಎಷ್ಟು ಅಂತ ಹೇಳು.”

ಮಂಚ ಕಡಲ ಕಡೆಯ ಗೋಡೆಗೇ ಒರಗಿತ್ತು; ಅಲ್ಲಿಂದಲೂ ಅದೇ ಹದಿನೇಳು. ವಿಲ್ಫ್ರೆಡ್ ಹಗ್ಗವನ್ನು ಸುತ್ತುತ್ತ ಬಂದು ಅದನ್ನು ಕೊಕ್ಕೆಗೆ ಹಾಕದೆ ಏವಿಸ್‌ಳ ಕೈಗೆ ಕೊಟ್ಟು, “ಮಂಚ ಬಿಚ್ಚೋಕೆ ಸ್ವಲ್ಪ ಕೈ ಕೊಡು ಅಕ್ಕ,” ಎಂದ.

ಅಂದೇ ಮಂಚ ರಸ್ತೆ ಕಡೆಯ ಕೋಣೆಗೆ ಬಂತು. ನವೆಂಬರ್ ಮುಗಿಯುವ ಮೊದಲು ಗಂಡಹೆಂಡತಿ ಊರಿನ ಒಳಭಾಗದ, ಶಾಲೆಯ ಹಿಂದಿನ ಬಾಡಿಗೆ ಮನೆಗೆ ಹೋದರು. ಜನವರಿಯ ಬಿರುಗಾಳಿಗೆ ಬೇಲಿ ಹೋಯಿತು, ಅಡುಗೆಮನೆ ಹೋಯಿತು, ಕಡಲ ಕಡೆಯ ಕೋಣೆಯೂ ಹೋಯಿತು. ಕೋಣೆ ಖಾಲಿ ಇತ್ತು. ವಿಲ್ಫ್ರೆಡ್ ಇದನ್ನು ಫೋನಿನಲ್ಲಿ ಅಕ್ಕನಿಗೆ ಹೇಳಿದ. ಆ ಕಡೆ ಪಾಲೀನ್‌ಳ ಊರುಗೋಲು ನೆಲಕ್ಕೆ ತಾಗುವ ಸದ್ದು ಏವಿಸ್‌ಗೆ ಕೇಳಿಸಿತು. ಅದು ಕೇಳುತ್ತಿದೆಯಲ್ಲ, ಅಷ್ಟು ಸಾಕು ಎನಿಸಿತು.

ಕಡಲಂಚಿನಲ್ಲೋ ಹೊಳೆಯ ದಡದಲ್ಲೋ ಮನೆ ಇರುವವರೇ, ನಿಮ್ಮ ನೆಲವನ್ನೂ ಇವತ್ತೇ ಅಳೆಯಿರಿ. ಅಂಚಿಗೆ ಹೋಗಿ ನಿಲ್ಲಬೇಡಿ, ಬಲ್ಲವರನ್ನು ಕರೆಯಿರಿ. ನೆಲದಲ್ಲಿ ಬಿರುಕು ಕಂಡರೆ ಸಾಮಾನು ಕಟ್ಟುತ್ತ ಕೂರಬೇಡಿ, ಹೊರಡಿ. ಅಳೆಯುವಾಗ ಬೇಲಿಯಿಂದ ಮಾತ್ರ ಬೇಡ. ನಿಮ್ಮ ಮನೆಯಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವರು ಯಾರೋ, ಅವರು ಮಲಗುವ ಜಾಗದಿಂದ ಅಳೆಯಿರಿ.